ಫ್ರಿಜ್ಜಿನಲ್ಲಿ ಏನು, ಎಲ್ಲಿ, ಎಷ್ಟು ದಿನ

ಫ್ರಿಜ್ಜನ್ನು ತಮಾಷೆಗೆ ತಂಗಳುಪೆಟ್ಟಿಗೆ ಎನ್ನುವುದುಂಟು. ಹೆಸರು ಸರಿಯಾಗಿಯೇ ಇದೆ. ಒಳಗಿಟ್ಟ ಅಡುಗೆ ಇಟ್ಟ ಹಾಗೇ ಉಳಿಯುವುದಿಲ್ಲ, ನಿಧಾನವಾಗಿ ತಂಗಳಾಗುತ್ತ ಹೋಗುತ್ತದೆ. ಬೆಚ್ಚಗಿನ ಜಾಗದಲ್ಲಿ 20 ನಿಮಿಷಕ್ಕೊಮ್ಮೆ ಎರಡರಷ್ಟಾಗಬಲ್ಲ ಬ್ಯಾಕ್ಟೀರಿಯಾ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಂಕಾಗಿ ಕೂರುತ್ತದೆಯೇ ಹೊರತು ಸಾಯುವುದಿಲ್ಲ. ಪಾತ್ರೆ ಹೊರಗೆ ಬಂದು ಬೆಚ್ಚಗಾಯಿತೋ, ಬಿಟ್ಟಲ್ಲಿಂದ ಮತ್ತೆ ಶುರು. ಹಾಗಾಗಿ ‘ಫ್ರಿಜ್ಜಿನಲ್ಲಿತ್ತಲ್ಲ, ಏನಾಗುತ್ತೆ’ ಎಂಬ ಧೈರ್ಯ ಒಳ್ಳೆಯದಲ್ಲ. ಒಳಗೆ ಹೋಗುವ ಮುಂಚೆ ಎಷ್ಟು ಹೊತ್ತು ಹೊರಗಿತ್ತು, ಹೋದ ಮೇಲೆ ಎಷ್ಟು ಬೇಗ ತಣಿಯಿತು, ಆಮೇಲೆ ಎಷ್ಟು ದಿನ ಕೂತಿತ್ತು ಎಂಬುದನ್ನೆಲ್ಲ ಕೂಡಿಸಿ ಲೆಕ್ಕ ಹಾಕಬೇಕು.

ಮೊದಲು ಚಳಿ ಅಳೆಯಿರಿ

ಒಳಗಿನ ತಿರುಗಣೆಯ ಮೇಲಿರುವ 1ರಿಂದ 7ರವರೆಗಿನ ಅಂಕಿಗಳು ಡಿಗ್ರಿಗಳಲ್ಲ. ಹೆಚ್ಚಿನ ಫ್ರಿಜ್‌ಗಳಲ್ಲಿ ಅಂಕಿ ದೊಡ್ಡದಾದಷ್ಟೂ ಚಳಿ ಹೆಚ್ಚು, ಅಷ್ಟು ಮಾತ್ರ ಹೇಳಬಹುದು. ಬಾಗಿಲ ಮೇಲೆ ಡಿಜಿಟಲ್ ಅಂಕಿ ತೋರಿಸುವ ಫ್ರಿಜ್‌ನಲ್ಲೂ ಅದು ಬಹಳ ಸಲ ನಾವು ಕೇಳಿದ ಉಷ್ಣತೆಯೇ ಹೊರತು ಹಾಲಿನ ಪಾತ್ರೆಯ ಉಷ್ಣತೆಯಲ್ಲ. ಹಾಗಾಗಿ ಒಂದು ಸಣ್ಣ ಫ್ರಿಜ್ ಥರ್ಮಾಮೀಟರ್ ಕೊಳ್ಳಿ. ಈ ಬರಹದಲ್ಲಿ ದುಡ್ಡು ಖರ್ಚು ಮಾಡಿ ಎಂದು ಹೇಳುವುದು ಇದೊಂದಕ್ಕೇ.

ಮಧ್ಯದ ತಟ್ಟಿನಲ್ಲಿ ಒಂದು ಲೋಟ ನೀರಿಟ್ಟು, ಥರ್ಮಾಮೀಟರನ್ನು ಅದರಲ್ಲಿ ಮುಳುಗಿಸಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೊದಲ ಸಲ ಬಾಗಿಲು ತೆಗೆದಾಗ ಓದಿ. ನೀರಿನಲ್ಲೇ ಇಡಬೇಕು, ಏಕೆಂದರೆ ಬಾಗಿಲು ತೆಗೆದ ಕ್ಷಣದಲ್ಲಿ ಒಳಗಿನ ಗಾಳಿ ಬೆಚ್ಚಗಾಗುತ್ತದೆ, ಲೋಟದ ನೀರು ಅಷ್ಟು ಬೇಗ ಬದಲಾಗುವುದಿಲ್ಲ. 1ರಿಂದ 4 ಡಿಗ್ರಿ ಬಂದರೆ ಸರಿ. 5 ದಾಟಿದ್ದರೆ ತಿರುಗಣೆಯನ್ನು ಒಂದೇ ಒಂದು ಅಂಕಿ ಸರಿಸಿ, 24 ಗಂಟೆ ಕಾದು ಮತ್ತೆ ನೋಡಿ. ಒಂದೇ ಸಲಕ್ಕೆ ಕೊನೆಯ ಅಂಕಿಗೆ ತಿರುಗಿಸಿದರೆ ಹಿಂಬದಿಯಲ್ಲಿಟ್ಟ ಸೊಪ್ಪು ಹೆಪ್ಪುಗಟ್ಟಿ ಕಪ್ಪಾಗುತ್ತದೆ. ಫ್ರೀಜರ್ ಮೈನಸ್ 18ರಲ್ಲಿರಬೇಕು; ಅಲ್ಲಿ ಥರ್ಮಾಮೀಟರನ್ನು ಎರಡು ಗಟ್ಟಿ ಪೊಟ್ಟಣಗಳ ನಡುವೆ ಸಿಕ್ಕಿಸಿ ಓದಿ.

ಇಷ್ಟಾದರೂ ಚಳಿ ಸಾಲದಿದ್ದರೆ ತುಂಬಿಸಿದ್ದು ಹೆಚ್ಚಾಗಿರಬಹುದು. ಫ್ರಾಸ್ಟ್‌ಫ್ರೀ, ಅಂದರೆ ಒಳಗೆ ಐಸು ಕಟ್ಟದ ಫ್ರಿಜ್‌ಗಳಲ್ಲಿ ಹಿಂಗೋಡೆಯ ಸೀಳುಗಳಿಂದ ತಣ್ಣನೆ ಗಾಳಿ ಬೀಸುತ್ತದೆ. ಅದರ ಮುಂದೆ ದೊಡ್ಡ ಪಾತ್ರೆ ಒತ್ತಿ ಇಟ್ಟರೆ ಆ ಪಾತ್ರೆ ಹೆಪ್ಪುಗಟ್ಟುತ್ತದೆ, ಉಳಿದವು ಬೆಚ್ಚಗಾಗುತ್ತವೆ. ಗೋಡೆಗೂ ಡಬ್ಬಿಗಳಿಗೂ ನಡುವೆ ಎರಡು ಮೂರು ಬೆರಳಷ್ಟು ಜಾಗ ಬಿಡಿ.

ಒಂದೇ ಫ್ರಿಜ್, ಹಲವು ಹವೆ

ಬಾಗಿಲಿನ ತಟ್ಟುಗಳೇ ಎಲ್ಲಕ್ಕಿಂತ ಬೆಚ್ಚಗಿರುವ ಜಾಗ. ತೆಗೆದು ಹಾಕುವಾಗೆಲ್ಲ ಹೊರಗಿನ ಗಾಳಿ ಮೊದಲು ಬಡಿಯುವುದು ಅಲ್ಲಿಗೆ. ಹಾಲಿನ ಬಾಟಲಿಗೆ ಹೊಂದುವ ಗೂಡು, ಮೊಟ್ಟೆಗೆ ಗುಂಡಿಗಳಿರುವ ತಟ್ಟೆ ಎರಡನ್ನೂ ತಯಾರಕರು ಅಲ್ಲೇ ಕೊಟ್ಟಿರುತ್ತಾರೆ. ನೋಡಲು ಚೆಂದ, ಕೆಲಸಕ್ಕೆ ಬಾರದು. ಬಾಗಿಲಿಗೆ ಸೇರಬೇಕಾದವು ಉಪ್ಪು, ಸಕ್ಕರೆ, ಹುಳಿಯ ಬಲದಿಂದ ತಾವೇ ತಾಳಿಕೊಳ್ಳುವ ಪದಾರ್ಥಗಳು: ಜಾಮ್, ಸಾಸ್, ವಿನೆಗರ್‌ನಲ್ಲಿ ಹಾಕಿಟ್ಟ ತರಕಾರಿ. ನೀರು ಮತ್ತು ಸೋಡಾ ಬಾಟಲಿಗಳಿಗೂ ಅದೇ ಜಾಗ.

ಎಲ್ಲಕ್ಕಿಂತ ತಣ್ಣಗಿನ ಜಾಗ ಮಾತ್ರ ಎಲ್ಲ ಫ್ರಿಜ್‌ನಲ್ಲೂ ಒಂದೇ ಅಲ್ಲ. ‘ಕೆಳಗಿನ ತಟ್ಟು ಹೆಚ್ಚು ತಣ್ಣಗೆ’ ಎಂದು ಎಲ್ಲೆಡೆ ಬರೆದಿರುತ್ತದೆ. ಆದರೆ ಫ್ರೀಜರ್ ಗೂಡು ಒಳಗೇ ಮೇಲ್ಭಾಗದಲ್ಲಿರುವ ಒಂಟಿ ಬಾಗಿಲಿನ ಫ್ರಿಜ್‌ಗಳಲ್ಲಿ ಆ ಗೂಡಿನ ಕೆಳಗಿನ ಚಿಲ್ಲರ್ ತಟ್ಟೆಯೇ ಅತಿ ತಣ್ಣಗಿರುತ್ತದೆ. ನಿಮ್ಮದರಲ್ಲಿ ಎಲ್ಲಿ ಎಂದು ತಿಳಿಯಲು ನೀರಿನ ಲೋಟವನ್ನು ಮೂರು ರಾತ್ರಿ ಮೂರು ಕಡೆ ಇಟ್ಟು ನೋಡಿದರಾಯಿತು.

ಹಸಿ ಮಾಂಸ, ಕೋಳಿ, ಮೀನಿನ ಜಾಗ ಕೆಳಗಿನ ತಟ್ಟು. ಚಳಿಯ ಮಾತು ಆಮೇಲೆ, ಇದು ಸೋರಿಕೆಯ ಮಾತು: ಮೇಲಿಟ್ಟರೆ ಅದರ ರಸ ತೊಟ್ಟಿಕ್ಕಿ ಹಾಗೇ ತಿನ್ನುವ ಹಣ್ಣಿನ ಮೇಲೋ, ಬೆಂದ ಅಡುಗೆಯ ಮೇಲೋ ಬೀಳುತ್ತದೆ. ಅಂಗಡಿಯ ಪ್ಲಾಸ್ಟಿಕ್ ಚೀಲವನ್ನು ನಂಬಬೇಡಿ. ಅದನ್ನು ಅಂಚಿರುವ ತಟ್ಟೆಯಲ್ಲೋ ಮುಚ್ಚಳ ಬಿಗಿಯಾಗಿ ಕೂರುವ ಡಬ್ಬಿಯಲ್ಲೋ ಇಟ್ಟೇ ಒಳಗಿಡಿ. ಮಸಾಲೆ ಹಚ್ಚಿ ನೆನೆಯಲು ಬಿಟ್ಟ ಮಾಂಸವೂ ಫ್ರಿಜ್ಜಿನೊಳಗೇ ನೆನೆಯಬೇಕು, ಕಟ್ಟೆಯ ಮೇಲಲ್ಲ. ಬೆಂದ ಅಡುಗೆ, ಮೊಸರು, ಕತ್ತರಿಸಿದ ಹಣ್ಣು ಮೇಲಿನ ಮತ್ತು ಮಧ್ಯದ ತಟ್ಟುಗಳಲ್ಲಿ. ಹಾಲು ಒಳಗೆ, ಹಿಂಬದಿಗೆ. ಮೊಟ್ಟೆ ಅದರ ರಟ್ಟಿನ ಪೆಟ್ಟಿಗೆಯಲ್ಲೇ, ಚೂಪು ತುದಿ ಕೆಳಗಾಗಿ.

ಮೊಟ್ಟೆಯನ್ನು ತೊಳೆದು ಇಡುವ ಅಭ್ಯಾಸ ಬಿಡಿ. ಚಿಪ್ಪಿನ ಮೇಲೆ ಕಣ್ಣಿಗೆ ಕಾಣದ ತೆಳು ಪೊರೆಯಿದೆ, ಸಾವಿರಾರು ಸಣ್ಣ ರಂಧ್ರಗಳನ್ನು ಮುಚ್ಚಿರುವುದು ಅದೇ. ತೊಳೆದರೆ ಅದು ಹೋಗುತ್ತದೆ. ಒಮ್ಮೆ ಫ್ರಿಜ್ಜಿಗಿಟ್ಟ ಮೊಟ್ಟೆಯನ್ನು ಮತ್ತೆ ಗಂಟೆಗಟ್ಟಲೆ ಹೊರಗಿಡಬಾರದು ಎನ್ನುವುದೂ ಇದಕ್ಕೇ: ತಣ್ಣನೆಯ ಚಿಪ್ಪು ಬೆವರುತ್ತದೆ, ಆ ತೇವದ ಜೊತೆ ಹೊರಗಿನ ಕೊಳೆ ರಂಧ್ರಗಳ ಮೂಲಕ ಒಳಗಿಳಿಯಬಹುದು.

ಇನ್ಸುಲಿನ್‌ನಂಥ ಔಷಧವನ್ನೂ ಅದೇ ಫ್ರಿಜ್‌ನಲ್ಲಿ ಇಡುವವರು ಒಂದು ನೆನಪಿಡಿ. ಬಳಸಲು ಶುರು ಮಾಡದ ಇನ್ಸುಲಿನ್‌ಗೆ ಬೇಕಾದದ್ದು 2ರಿಂದ 8 ಡಿಗ್ರಿ. ಹಿಂಗೋಡೆಗೆ ತಾಗಿ ಹೆಪ್ಪುಗಟ್ಟಿತೆಂದರೆ ಕರಗಿದ ಮೇಲೂ ಅದನ್ನು ಬಳಸುವಂತಿಲ್ಲ.

ಬಿಸಿ ಪಾತ್ರೆಯ ವಿಷಯ

ಹೆಚ್ಚಿನ ಎಡವಟ್ಟು ಆಗುವುದು ಇಲ್ಲೇ, ಅದೂ ಫ್ರಿಜ್ಜಿನ ಹೊರಗೆ. ಬಿಸಿ ಅಡುಗೆ ಒಳಗಿಟ್ಟರೆ ಫ್ರಿಜ್ ಹಾಳಾಗುತ್ತದೆ ಎಂದು ಪಾತ್ರೆಯನ್ನು ಒಲೆಯ ಮೇಲೇ ಬಿಡುತ್ತಾರೆ. ‘ಆರಲಿ’ ಎಂದು ಬಿಟ್ಟದ್ದು ನಿದ್ದೆಯಲ್ಲಿ ಮರೆತು ಬೆಳಗಾಗುತ್ತದೆ.

ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆಯುವುದು 5ರಿಂದ 60 ಡಿಗ್ರಿಯ ನಡುವೆ. ಕುದಿಸಿದರೆ ಎಲ್ಲವೂ ಸತ್ತಿತು ಎಂದುಕೊಳ್ಳುವಂತಿಲ್ಲ. ಬ್ಯಾಸಿಲಸ್ ಸೀರಿಯಸ್, ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್‌ನಂಥವು ಬೀಜದಂಥ ಗಟ್ಟಿ ಕಣಗಳಾಗಿ ಕುದಿಯನ್ನೂ ಸಹಿಸಿಕೊಂಡು ಉಳಿಯುತ್ತವೆ. ಪಾತ್ರೆ ಆರುತ್ತ ಬೆಚ್ಚಗಿನ ಹದಕ್ಕೆ ಬಂದಾಗ ಮೊಳೆತು ಏಳುತ್ತವೆ. ಅನ್ನದಲ್ಲಿ ಮೊದಲನೆಯದು, ದೊಡ್ಡ ಪಾತ್ರೆಯ ಮಾಂಸದಡುಗೆಯಲ್ಲಿ ಎರಡನೆಯದು ಹೆಚ್ಚು ಕಾಡುತ್ತದೆ. ಬ್ಯಾಸಿಲಸ್ ಬಿಟ್ಟುಹೋಗುವ ವಾಂತಿಕಾರಕ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಆದ್ದರಿಂದ ‘ಚೆನ್ನಾಗಿ ಬಿಸಿ ಮಾಡಿದರಾಯಿತು’ ಎನ್ನುವ ಮಾತು ರಾತ್ರಿಯಿಡೀ ಹೊರಗಿದ್ದ ಅನ್ನಕ್ಕೆ ಅನ್ವಯಿಸದು.

ಬೆಂದ ಅಡುಗೆ 2 ಗಂಟೆಯೊಳಗೆ ಫ್ರಿಜ್ ಸೇರಬೇಕು. ಸುತ್ತಲಿನ ಗಾಳಿ 32 ಡಿಗ್ರಿ ದಾಟಿದ ದಿನ ಒಂದೇ ಗಂಟೆ. ಅನ್ನಕ್ಕಂತೂ ಯಾವಾಗಲೂ ಒಂದು ಗಂಟೆ ಎಂದಿಟ್ಟುಕೊಳ್ಳಿ. ಊಟದ ಮೇಜಿನ ಮೇಲಿದ್ದ ಹೊತ್ತೂ ಈ ಲೆಕ್ಕದಲ್ಲೇ ಸೇರಿತು. ವೃತ್ತಿಪರ ಅಡುಗೆಮನೆಗಳ ಅಳತೆ ಹೀಗೆ: ಮೊದಲ 2 ಗಂಟೆಯಲ್ಲಿ 60ರ ಆಸುಪಾಸಿನಿಂದ 21 ಡಿಗ್ರಿಗೆ ಇಳಿಯಬೇಕು, ಮುಂದಿನ 4 ಗಂಟೆಯಲ್ಲಿ 5ಕ್ಕೆ. ಮೊದಲ ಹಂತಕ್ಕೇ ಅವಸರ, ಯಾಕೆಂದರೆ ಆ ನಡುವಿನ ಉಷ್ಣತೆಯಲ್ಲೇ ಬ್ಯಾಕ್ಟೀರಿಯಾ ಅತಿ ವೇಗವಾಗಿ ಹೆಚ್ಚುವುದು.

ಐದು ಲೀಟರಿನ ಆಳದ ಪಾತ್ರೆಯನ್ನು ಹಾಗೇ ಒಳಗೆ ತಳ್ಳಿದರೆ ಈ ಇಳಿತ ಆಗುವುದಿಲ್ಲ. ಮೇಲ್ಭಾಗ ಮುಟ್ಟಿದರೆ ತಣ್ಣಗಿರುತ್ತದೆ, ನಡುವೆ ಸೌಟು ಇಳಿಸಿದರೆ ಹಬೆ. ಗಟ್ಟಿಯಾದ ಅಡುಗೆಯಲ್ಲಿ ಆಳ ಎರಡರಷ್ಟಾದರೆ ತಣಿಯುವ ಹೊತ್ತು ಹೆಚ್ಚುಕಡಿಮೆ ನಾಲ್ಕರಷ್ಟಾಗುತ್ತದೆ. ಆದ್ದರಿಂದ ಅಗಲವಾದ, ಚಪ್ಪಟೆ ಡಬ್ಬಿಗಳಿಗೆ 5 ಸೆಂ.ಮೀ. ಮೀರದಂತೆ ಹಂಚಿ. ಅನ್ನವಾದರೆ ತಟ್ಟೆಯಲ್ಲಿ ಹರಡಿ, ಹಬೆ ಹೋದ ಮೇಲೆ ಡಬ್ಬಿಗೆ ತುಂಬಿ.

ನೀರಾದ ಅಡುಗೆಗೆ ಇನ್ನೂ ಚುರುಕಾದ ಉಪಾಯವಿದೆ. ಸಿಂಕ್‌ನ ತೂಬು ಮುಚ್ಚಿ, ಅರ್ಧ ಐಸು ಅರ್ಧ ನೀರು ತುಂಬಿ, ಪಾತ್ರೆಯನ್ನು ಅದರಲ್ಲಿ ಕೂರಿಸಿ. ಹೊರಗಿನ ನೀರು ಒಳಗಿನ ಅಡುಗೆಯ ಮಟ್ಟಕ್ಕೆ ಬರಬೇಕು. ಎರಡು ಮೂರು ನಿಮಿಷಕ್ಕೊಮ್ಮೆ ಸೌಟು ತಳಮುಟ್ಟ ಆಡಿಸಿ, ಅಂಚಿನಲ್ಲಿ ತಣಿದದ್ದು ನಡುವಿಗೆ, ನಡುವಿನ ಬಿಸಿ ಅಂಚಿಗೆ ಹೋಗುವಂತೆ. ಕೈಯಾಡಿಸದೆ ಬಿಟ್ಟರೆ ಐಸು ಹಾಕಿದ್ದರ ಅರ್ಧ ಲಾಭ ಹೋಯಿತು. ಹಬೆ ನಿಂತು ಪಾತ್ರೆಯ ಹೊರಮೈ ಉಗುರುಬೆಚ್ಚಗಾದ ಮೇಲೆ ಸಣ್ಣ ಡಬ್ಬಿಗಳಿಗೆ ಹಂಚಿ ಒಳಗಿಡಿ. ಮುಚ್ಚಳ ಮೊದಲು ಸ್ವಲ್ಪ ಓರೆ ಇರಲಿ, ಪೂರ್ತಿ ತಣಿದ ಮೇಲೆ ಬಿಗಿಮಾಡಿ. ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸುವುದೂ ತಣಿದ ಮೇಲೆಯೇ.

ಸಣ್ಣ ಡಬ್ಬಿಯಲ್ಲಿ ಸ್ವಲ್ಪ ಬೆಚ್ಚಗಿನ ಅಡುಗೆ ಇಟ್ಟರೆ ಫ್ರಿಜ್‌ಗೆ ಏನೂ ಆಗುವುದಿಲ್ಲ, ಒಂದಿಷ್ಟು ಹೊತ್ತು ಕಂಪ್ರೆಸರ್ ಹೆಚ್ಚು ಓಡೀತು. ತೊಂದರೆ ಇರುವುದು ಕುದಿಯುವ ದೊಡ್ಡ ಪಾತ್ರೆಯಲ್ಲಿ: ಅದು ಅಕ್ಕಪಕ್ಕದ ಹಾಲು, ಮಾಂಸವನ್ನೂ ಬೆಚ್ಚಗೆ ಮಾಡುತ್ತದೆ.

ಮತ್ತೆ ಬಿಸಿ ಮಾಡುವಾಗ ತಿನ್ನುವಷ್ಟನ್ನೇ ತೆಗೆದು, ನಡುಭಾಗ 74 ಡಿಗ್ರಿ ಮುಟ್ಟುವಂತೆ ಕಾಯಿಸಿ. ನೀರಾದದ್ದಾದರೆ ಕುದಿ ಬರಲಿ. ಮೈಕ್ರೋವೇವ್‌ನಲ್ಲಿ ಅರ್ಧಕ್ಕೆ ನಿಲ್ಲಿಸಿ ಕಲಸಬೇಕು, ಇಲ್ಲದಿದ್ದರೆ ಅಂಚು ಸುಡುತ್ತದೆ, ನಡುವೆ ತಣ್ಣಗೇ ಇರುತ್ತದೆ. ಇಡೀ ಡಬ್ಬಿ ಬಿಸಿ ಮಾಡಿ, ಉಳಿದದ್ದನ್ನು ಮತ್ತೆ ಒಳಗಿಟ್ಟು, ನಾಳೆ ಮತ್ತೆ ಬಿಸಿ ಮಾಡುವುದು ಬೇಡ.

ಎಷ್ಟು ದಿನ

ಕೆಳಗಿನ ಲೆಕ್ಕ 4 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿರುವ ಫ್ರಿಜ್ಜಿಗೆ. ಪೊಟ್ಟಣದ ಮೇಲೆ ಇದಕ್ಕಿಂತ ಕಡಿಮೆ ದಿನ ಬರೆದಿದ್ದರೆ ಅದೇ ಅಂತಿಮ.

- ಬೆಂದ ಅಡುಗೆ: 3ರಿಂದ 4 ದಿನ. ಅನ್ನ: ಮರುದಿನದೊಳಗೆ, ಒಂದೇ ಸಲ ಬಿಸಿ.
- ಹಸಿ ಕೋಳಿ, ಕೈಮಾ, ಮೀನು: 1ರಿಂದ 2 ದಿನ. ಕೆಂಪು ಮಾಂಸದ ಇಡೀ ತುಂಡು: 3ರಿಂದ 5 ದಿನ.
- ಚಿಪ್ಪಿನೊಳಗಿನ ಮೊಟ್ಟೆ: 3ರಿಂದ 5 ವಾರ. ಬೇಯಿಸಿದ ಮೊಟ್ಟೆ: 1 ವಾರ. ಒಡೆದಿಟ್ಟ ಬಿಳಿಭಾಗ, ಹಳದಿ: 2ರಿಂದ 4 ದಿನ.
- ತೆರೆದ ಪಾಶ್ಚೀಕರಿಸಿದ ಹಾಲು: ಹೆಚ್ಚೆಂದರೆ 1 ವಾರ, ಚಳಿ ತಪ್ಪಿದರೆ ಅದರ ಅರ್ಧವೂ ಇಲ್ಲ.
- ಕತ್ತರಿಸಿದ ಹಣ್ಣು: 3ರಿಂದ 4 ದಿನ.
- ತೆರೆದ ಟಿನ್: ಹುಳಿ ಪದಾರ್ಥ 5ರಿಂದ 7 ದಿನ, ಮಾಂಸ, ಮೀನು, ಕಾಳು, ತರಕಾರಿ 3ರಿಂದ 4 ದಿನ.
- ಎಣ್ಣೆಯಲ್ಲಿ ಹಾಕಿಟ್ಟ ಹಸಿ ಬೆಳ್ಳುಳ್ಳಿ: 4 ದಿನ, ಹೆಚ್ಚಿಲ್ಲ.

ಕೊನೆಯದು ಓದಲು ವಿಚಿತ್ರ ಅನ್ನಿಸಬಹುದು. ಎಣ್ಣೆ ಗಾಳಿಯನ್ನು ತಡೆಯುತ್ತದೆ, ಬೆಳ್ಳುಳ್ಳಿಯಲ್ಲಿ ಹುಳಿ ಕಡಿಮೆ. ಗಾಳಿಯಿಲ್ಲದ, ಹುಳಿಯಿಲ್ಲದ ಜಾಗವೇ ಬೊಟುಲಿಸಂ ಎಂಬ ಕಾಯಿಲೆ ತರುವ ಬ್ಯಾಕ್ಟೀರಿಯಾಕ್ಕೆ ಬೇಕಾದದ್ದು. ಅದರ ವಿಷ ನರಗಳನ್ನೇ ಹಿಡಿಯುತ್ತದೆ, ಎಣ್ಣೆಯ ವಾಸನೆ, ಬಣ್ಣ ಮಾತ್ರ ಹಾಗೇ ಇರುತ್ತದೆ. ಹೊರಗೆ ಕಟ್ಟೆಯ ಮೇಲೆ ಇಡುವ ಮಾತೇ ಇಲ್ಲ. ಹೆಚ್ಚು ದಿನ ಬೇಕಿದ್ದರೆ ಫ್ರೀಜರ್.

ಟೂನಾ, ಬಂಗಡೆ, ಭೂತಾಯಿಯಂಥ ಮೀನುಗಳದ್ದು ಇನ್ನೊಂದು ಕಥೆ. ಅವು ಕೆಲ ಗಂಟೆ ಬೆಚ್ಚಗಿದ್ದರೂ ಸಾಕು, ಹಿಸ್ಟಮಿನ್ ಎಂಬ ರಾಸಾಯನಿಕ ಶೇಖರವಾಗುತ್ತದೆ. ತಿಂದವರಿಗೆ ಮುಖ ಕೆಂಪಾಗಿ, ತುರಿಕೆ ಎದ್ದು ಅಲರ್ಜಿಯಂತೆ ಕಾಣುತ್ತದೆ. ಬೇಯಿಸಿದರೂ, ಫ್ರೀಜ್ ಮಾಡಿದರೂ ಅದು ಹೋಗದು. ಮೀನು ಕೊಂಡ ಕ್ಷಣದಿಂದಲೇ ಐಸಿನಲ್ಲಿರಲಿ.

ಮೂಸಿ ನೋಡುವುದರ ಬಗ್ಗೆ ಒಂದು ಮಾತು. ಹುಳಿ ವಾಸನೆ, ಲೋಳೆ, ಬಣ್ಣಗೆಡುವುದು, ಇವೆಲ್ಲ ಆಹಾರ ಕೆಡಿಸುವ ಬ್ಯಾಕ್ಟೀರಿಯಾದ ಗುರುತು. ಕಾಯಿಲೆ ತರುವ ಬ್ಯಾಕ್ಟೀರಿಯಾ ಹೀಗೆ ಸುಳಿವು ಕೊಡಬೇಕೆಂದೇನಿಲ್ಲ. ಲಿಸ್ಟೀರಿಯಾವಂತೂ 4 ಡಿಗ್ರಿಯಲ್ಲೂ ನಿಧಾನವಾಗಿ ಬೆಳೆಯುತ್ತದೆ, ರುಚಿಯಲ್ಲಿ ಏನೂ ಗೊತ್ತಾಗುವುದಿಲ್ಲ. ಗರ್ಭಿಣಿಯರು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಗ್ಗಿದವರು ಇರುವ ಮನೆಯಲ್ಲಿ ಮೇಲಿನ ದಿನಗಳಲ್ಲಿ ಕಡಿಮೆಯದನ್ನೇ ಹಿಡಿಯಿರಿ. ಮೂಗು ಬೇಡ ಎಂದರೆ ಬಿಸಾಕಿ. ಮೂಗು ಸರಿ ಎಂದ ಮಾತ್ರಕ್ಕೆ ತಿನ್ನಬೇಡಿ. ಅಂಟುವ ಟೇಪಿನ ಚೂರಿನ ಮೇಲೆ ಇಟ್ಟ ತಾರೀಖು ಬರೆದು ಡಬ್ಬಿಗೆ ಹಚ್ಚುವುದು ಮೂಗಿಗಿಂತ ನಂಬಿಕೆಯ ಕೆಲಸ.

ಬೂಷ್ಟು ಬಂದರೆ? ಗಟ್ಟಿ ಚೀಸ್ ಆದರೆ ಬೂಷ್ಟಿನ ಸುತ್ತಲೂ ಕೆಳಗೂ 2.5 ಸೆಂ.ಮೀ. ಕತ್ತರಿಸಿ ತೆಗೆದು ಉಳಿದದ್ದನ್ನು ಬಳಸಬಹುದು, ಚಾಕು ಬೂಷ್ಟಿಗೆ ತಾಗದಂತೆ. ಬ್ರೆಡ್, ಮೊಸರು, ಜಾಮ್, ಮೆತ್ತಗಿನ ಹಣ್ಣು, ಉಳಿದ ಅಡುಗೆಯಲ್ಲಿ ಕಂಡರೆ ಇಡಿಯಾಗಿ ಎಸೆಯಬೇಕು. ಮೇಲೆ ಕಾಣುವುದು ಸ್ವಲ್ಪ, ಎಳೆಗಳು ಒಳಗೆ ಎಲ್ಲಿಯವರೆಗೆ ಇಳಿದಿವೆಯೋ ಕಾಣುವುದಿಲ್ಲ.

ಕುಡಿಯುವಂಥವು

ಹಾಲನ್ನು ಲೋಟಕ್ಕೆ ಬಗ್ಗಿಸಿದ ಕೂಡಲೇ ಒಳಗಿಡಿ. ಲೋಟದಲ್ಲಿ ಉಳಿದದ್ದನ್ನು ಮತ್ತೆ ಬಾಟಲಿಗೆ ಸುರಿಯಬೇಡಿ. ಹೊರಗೇ ಮಾರುವ, ತಿಂಗಳುಗಟ್ಟಲೆ ಬಾಳುವ ಪೆಟ್ಟಿಗೆ ಹಾಲು ಕೂಡ ಮೂತಿ ಕತ್ತರಿಸಿದ ಮೇಲೆ ಮಾಮೂಲಿ ಹಾಲೇ.

ಮನೆಯಲ್ಲಿ ಹಿಂಡಿದ ರಸವನ್ನು ಅದೇ ದಿನ ಕುಡಿಯುವುದು ಮೇಲು, ಬಿಗಿಮುಚ್ಚಳದಲ್ಲಿ 2 ದಿನ ತಾಳೀತು. ಬಾಟಲಿಗೆ ಬಾಯಿ ಹಚ್ಚಿ ಕುಡಿದರೆ ಬಾಯಿಯ ಬ್ಯಾಕ್ಟೀರಿಯಾ ಒಳಗೆ ಹೋಗುತ್ತದೆ, ಸಕ್ಕರೆಯಿರುವ ಪಾನೀಯದಲ್ಲಿ ಅದಕ್ಕೆ ಹಬ್ಬ. ನೀರಿನ ಬಾಟಲಿಗಳನ್ನು ದಿನವೂ ಖಾಲಿ ಮಾಡಿ, ಬ್ರಷ್‌ನಿಂದ ಕತ್ತಿನ ಒಳಭಾಗ ಮತ್ತು ಮುಚ್ಚಳದ ಸುರುಳಿ ಉಜ್ಜಿ ತೊಳೆಯಿರಿ. ಆ ಸುರುಳಿಯಲ್ಲೇ ಲೋಳೆ ಕಟ್ಟುವುದು.

ಸೋಡಾ ಬಾಟಲಿ ತೆರೆದ ಮೇಲೆ ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲೇ ಇಡಿ. 0 ಡಿಗ್ರಿಯ ನೀರು 20 ಡಿಗ್ರಿಯ ನೀರಿಗಿಂತ ಸುಮಾರು ಎರಡರಷ್ಟು ಕಾರ್ಬನ್ ಡೈಆಕ್ಸೈಡ್ ಹಿಡಿದಿಡುತ್ತದೆ, ಅದಕ್ಕೇ ತಣ್ಣಗಿದ್ದಾಗ ಗುಳ್ಳೆ ನಿಲ್ಲುತ್ತದೆ. ಬೇಗ ತಣ್ಣಗಾಗಲಿ ಎಂದು ಫ್ರೀಜರ್‌ಗೆ ಹಾಕಿ ಮರೆಯಬೇಡಿ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಗಾಜು ಒಡೆಯುತ್ತದೆ, ಟಿನ್ ಸಿಡಿಯುತ್ತದೆ. ಅವಸರವಿದ್ದರೆ ಐಸು, ನೀರು, ಒಂದು ಹಿಡಿ ಉಪ್ಪು ಕಲಸಿದ ಬಕೆಟ್ಟಿನಲ್ಲಿ ಬಾಟಲಿ ಮುಳುಗಿಸಿ ತಿರುಗಿಸುತ್ತಿರಿ. ಫ್ರೀಜರ್‌ನ ಗಾಳಿಗಿಂತ ಅದೇ ಬೇಗ.

ಎದೆಹಾಲು ಹಿಂಡಿಟ್ಟದ್ದು ಫ್ರಿಜ್ಜಿನಲ್ಲಿ 4 ದಿನ, ಒಳಗಿನ ಹಿಂಬದಿಯಲ್ಲಿ. ಪುಡಿಯಿಂದ ಕಲಸಿದ ಶಿಶು ಹಾಲು 24 ಗಂಟೆ ಮಾತ್ರ. ಮಗು ಬಾಯಿ ಹಚ್ಚಿ ಬಿಟ್ಟ ಪುಡಿಹಾಲನ್ನು ಮತ್ತೆ ಫ್ರಿಜ್ಜಿಗಿಡದೆ ಚೆಲ್ಲಿಬಿಡಿ.

ಸೊಪ್ಪು, ತರಕಾರಿ, ಹಣ್ಣು

ಇಲ್ಲಿ ಶತ್ರು ಎರಡು: ನಿಂತ ನೀರು ಮತ್ತು ಹಣ್ಣುಗಳು ಮಾಗುವಾಗ ಬಿಡುವ ಎಥಿಲೀನ್ ಅನಿಲ. ಸೊಪ್ಪಿನ ಕಟ್ಟು ಬಿಚ್ಚಿ, ಕೊಳೆತ ಎಲೆ ಆರಿಸಿ, ತೊಳೆಯದೆ ಒಣಬಟ್ಟೆಯಲ್ಲೋ ಕಾಗದದ ಟವಲ್ಲಿನಲ್ಲೋ ಸಡಿಲವಾಗಿ ಸುತ್ತಿ ಡಬ್ಬಿಗಿಡಿ. ತೊಳೆದೇ ಇಡಬೇಕೆಂದರೆ ಪೂರ್ತಿ ಆರಿಸಬೇಕು. ಎಲೆಗಳ ನಡುವೆ ನಿಂತ ಒಂದೊಂದು ಹನಿಯೂ ಮೂರನೇ ದಿನಕ್ಕೆ ಒಂದೊಂದು ಲೋಳೆ ಚುಕ್ಕೆ. ಅಣಬೆಗೆ ಪ್ಲಾಸ್ಟಿಕ್ ಬೇಡ, ಕಾಗದದ ಚೀಲವೇ ಸರಿ.

ಕೆಳಗಿನ ತರಕಾರಿ ಪೆಟ್ಟಿಗೆಯಲ್ಲಿ ಜಾರುಕಿಂಡಿ ಇದ್ದರೆ ಅದು ಅಲಂಕಾರಕ್ಕಲ್ಲ. ಮುಚ್ಚಿದರೆ ತೇವ ಒಳಗೇ ನಿಲ್ಲುತ್ತದೆ, ಸೊಪ್ಪು, ಕ್ಯಾರೆಟ್, ಬೀನ್ಸ್‌ಗೆ ಅದು ಬೇಕು. ತೆರೆದರೆ ತೇವವೂ ಎಥಿಲೀನೂ ಹೊರಹೋಗುತ್ತವೆ, ಹಣ್ಣಿಗೆ ಅದು ಹಿತ. ಸೇಬು, ಪೇರ್, ಮಾಗಿದ ಮಾವು ಎಥಿಲೀನ್ ಬಿಡುತ್ತವೆ. ಅವುಗಳ ಜೊತೆಗಿಟ್ಟ ಬ್ರೊಕೋಲಿ, ಸೌತೆ ಹಳದಿಗಟ್ಟುತ್ತವೆ, ಕ್ಯಾರೆಟ್ ಕಹಿಯಾಗುತ್ತದೆ. ಪೆಟ್ಟಿಗೆ ಒಂದೇ ಇದ್ದರೆ ಸೇಬನ್ನು ಚೀಲದಲ್ಲಿ ಕಟ್ಟಿ ಬೇರೆ ತಟ್ಟಿನಲ್ಲಿಡಿ.

ಫ್ರಿಜ್ ಬೇಡವಾದವೂ ಇವೆ. ಬಾಳೆಹಣ್ಣಿನ ಸಿಪ್ಪೆ 13 ಡಿಗ್ರಿಗಿಂತ ಕೆಳಗೆ ಕಪ್ಪಾಗುತ್ತದೆ. ಹಸಿರು ಟೊಮೆಟೊ ಒಳಗೆ ಹಣ್ಣಾಗುವುದಿಲ್ಲ, ಪರಿಮಳವೂ ಹೋಗುತ್ತದೆ. ಪೂರ್ತಿ ಮಾಗಿದ ಮೇಲೆ ಎರಡು ಮೂರು ದಿನ ಇಡಬಹುದು. ಆಲೂಗಡ್ಡೆಯ ಪಿಷ್ಟ ಚಳಿಯಲ್ಲಿ ಸಕ್ಕರೆಯಾಗುತ್ತದೆ, ಕರಿದರೆ ಬೇಗ ಕಂದುಗಟ್ಟುತ್ತದೆ. ಅದಕ್ಕೆ 7ರಿಂದ 10 ಡಿಗ್ರಿಯ ಕತ್ತಲ ಮೂಲೆ ಸಾಕು. ಇಡೀ ಈರುಳ್ಳಿಗೆ ಗಾಳಿಯಾಡುವ ಒಣ ಜಾಗ ಬೇಕು, ಆಲೂಗಡ್ಡೆಯಿಂದ ದೂರ. ಬ್ರೆಡ್ ಹೊರಗಿಗಿಂತ ಫ್ರಿಜ್ಜಿನಲ್ಲೇ ಬೇಗ ಒರಟಾಗುತ್ತದೆ. ಉಳಿಸಬೇಕಿದ್ದರೆ ಹೋಳುಮಾಡಿ ಫ್ರೀಜರ್‌ಗೆ ಹಾಕಿ. ಜೇನು ಹೊರಗೇ ಇರಲಿ.

ಫ್ರೀಜರ್ ಮತ್ತು ಕರಗಿಸುವುದು

ಮೈನಸ್ 18ರಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಆದರೆ ಬದುಕಿರುತ್ತದೆ. ಅಲ್ಲಿನ ತಿಂಗಳ ಲೆಕ್ಕ ಸುರಕ್ಷತೆಯದ್ದಲ್ಲ, ರುಚಿಯದ್ದು: ಬೆಂದ ಅಡುಗೆ 2ರಿಂದ 3 ತಿಂಗಳು, ಕೈಮಾ 3ರಿಂದ 4, ಕೋಳಿ ತುಂಡು 9. ಮಾಂಸದ ಮೇಲೆ ಬೂದುಬಣ್ಣದ ಒಣ ಕಲೆ ಬಂದರೆ ಪೊಟ್ಟಣದಲ್ಲಿ ಗಾಳಿ ಉಳಿದಿತ್ತು, ಐಸು ನೀರಾಗದೆ ನೇರ ಆವಿಯಾಗಿ ಹೋಯಿತು ಎಂದರ್ಥ. ಅದು ವಿಷವಲ್ಲ, ರಬ್ಬರು. ಚೀಲ ಚಪ್ಪಟೆ ಮಾಡಿ ಗಾಳಿ ಒತ್ತಿ ತೆಗೆದು ಮುಚ್ಚಿ. ತರಕಾರಿಯನ್ನು ಫ್ರೀಜ್ ಮಾಡುವ ಮೊದಲು ಕುದಿಯುವ ನೀರಿಗೆ ಹಾಕಿ ತೆಗೆಯಬೇಕು (ಬೀನ್ಸ್ 3 ನಿಮಿಷ), ಆಮೇಲೆ ಐಸು ನೀರಿಗೆ. ಇಲ್ಲದಿದ್ದರೆ ಒಳಗಿನ ಕಿಣ್ವಗಳು ಚಳಿಯಲ್ಲೂ ಬಣ್ಣ, ರುಚಿ ಕೆಡಿಸುತ್ತವೆ.

ಕರಗಿಸುವುದು ಫ್ರಿಜ್ಜಿನಲ್ಲೇ, ಕೆಳತಟ್ಟಿನಲ್ಲಿ, ತಟ್ಟೆಯ ಮೇಲೆ. 2 ಕಿಲೋ ತೂಕಕ್ಕೆ ಸುಮಾರು 24 ಗಂಟೆ ಬೇಕು. ಅಷ್ಟು ಪುರಸೊತ್ತಿಲ್ಲದಿದ್ದರೆ ನೀರು ನುಗ್ಗದ ಚೀಲದಲ್ಲಿ ತಣ್ಣೀರಿಗೆ ಮುಳುಗಿಸಿ, 30 ನಿಮಿಷಕ್ಕೊಮ್ಮೆ ನೀರು ಬದಲಿಸಿ, ಕರಗಿದ ಕೂಡಲೇ ಬೇಯಿಸಿ. ಕಟ್ಟೆಯ ಮೇಲೆ ಬಿಟ್ಟರೆ ನಡುವೆ ಇನ್ನೂ ಕಲ್ಲಿರುವಾಗಲೇ ಹೊರಮೈ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಫ್ರಿಜ್ಜಿನೊಳಗೇ ಕರಗಿದ್ದನ್ನು ಬೇಯಿಸದೆ ಮತ್ತೆ ಫ್ರೀಜ್ ಮಾಡಬಹುದು, ಬೇರೆ ರೀತಿ ಕರಗಿದ್ದನ್ನು ಬೇಯಿಸಿದ ಮೇಲಷ್ಟೇ.

ಕರೆಂಟ್ ಹೋದಾಗ

ಬಾಗಿಲು ತೆಗೆಯಬೇಡಿ. ಮುಚ್ಚಿದ ಫ್ರಿಜ್ ಸುಮಾರು 4 ಗಂಟೆ ಚಳಿ ಹಿಡಿದಿರುತ್ತದೆ, ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24. ಫ್ರಿಜ್ ಭಾಗದಲ್ಲಿ 4 ಗಂಟೆ ದಾಟಿದ ಮಾಂಸ, ಮೀನು, ಹಾಲು, ಒಡೆದ ಮೊಟ್ಟೆ, ಬೆಂದ ಅಡುಗೆ ಎಸೆಯಬೇಕು. ಬೆಣ್ಣೆ, ಗಟ್ಟಿ ಚೀಸ್, ಕತ್ತರಿಸದ ಹಣ್ಣು ತರಕಾರಿ, ಜಾಮ್ ಉಳಿಯುತ್ತವೆ. ಫ್ರೀಜರ್‌ನಲ್ಲಿದ್ದದ್ದರಲ್ಲಿ ಐಸಿನ ಹರಳು ಇನ್ನೂ ಕಂಡರೆ ಮತ್ತೆ ಹೆಪ್ಪುಗಟ್ಟಿಸಬಹುದು.

ಊರಲ್ಲಿಲ್ಲದಾಗ ಕರೆಂಟ್ ಹೋಗಿ ಬಂದರೆ ತಿಳಿಯುವುದು ಹೇಗೆ? ಹೊರಡುವ ಮೊದಲು ಒಂದು ಬಟ್ಟಲು ನೀರನ್ನು ಫ್ರೀಜರ್‌ನಲ್ಲಿ ಗಟ್ಟಿ ಮಾಡಿ, ಅದರ ಮೇಲೆ ನಾಣ್ಯವೊಂದನ್ನು ಇಟ್ಟುಹೋಗಿ. ಬಂದಾಗ ನಾಣ್ಯ ಮೇಲೇ ಇದ್ದರೆ ಕರಗಿಲ್ಲ. ಬಟ್ಟಲ ತಳದಲ್ಲಿ ಐಸಿನೊಳಗೆ ಹುದುಗಿದ್ದರೆ ಒಮ್ಮೆ ಪೂರ್ತಿ ಕರಗಿ ಮತ್ತೆ ಗಟ್ಟಿಯಾಗಿದೆ. ಆಗ ಫ್ರೀಜರ್ ಖಾಲಿ ಮಾಡುವುದೇ ಕೆಲಸ.

ಒರೆಸುವುದು, ಬಾಗಿಲ ಪಟ್ಟಿ, ತೂತು

ಚೆಲ್ಲಿದ್ದನ್ನು ಆಗಲೇ ಒರೆಸಿ, ಮುಖ್ಯವಾಗಿ ಮಾಂಸದ ರಸವನ್ನು. ತಿಂಗಳಿಗೊಮ್ಮೆ ತಟ್ಟುಗಳನ್ನು ತೆಗೆದು ಸೋಪು ನೀರಲ್ಲಿ ತೊಳೆಯಿರಿ. ಗಾಜಿನ ತಟ್ಟು ತಣ್ಣಗಿರುವಾಗ ಬಿಸಿನೀರು ಸುರಿದರೆ ಬಿರುಕು ಬಿಡಬಹುದು, ಸ್ವಲ್ಪ ಹೊತ್ತು ಹೊರಗಿದ್ದು ಬೆಚ್ಚಗಾಗಲಿ. ಒಳಗೋಡೆಗೆ 1 ಲೀಟರ್ ಉಗುರುಬೆಚ್ಚಗಿನ ನೀರಿಗೆ 2 ದೊಡ್ಡ ಚಮಚ ಅಡುಗೆ ಸೋಡಾ ಸಾಕು, ಕಮಟು ವಾಸನೆಯೂ ಹೋಗುತ್ತದೆ.

ತರಕಾರಿ ಪೆಟ್ಟಿಗೆಯ ಕೆಳಗೆ ಪದೇ ಪದೇ ನೀರು ನಿಂತರೆ ಹಿಂಗೋಡೆಯ ಬುಡದಲ್ಲಿರುವ ಸಣ್ಣ ತೂತನ್ನು ನೋಡಿ. ಗೋಡೆಯ ಮೇಲೆ ಕರಗಿದ ಹನಿಗಳು ಹಿಂದಿನ ತಟ್ಟೆಗೆ ಇಳಿಯುವ ದಾರಿ ಅದು. ಸೊಪ್ಪಿನ ಚೂರು ಸಿಕ್ಕಿಕೊಂಡು ಲೋಳೆ ಕಟ್ಟಿರುತ್ತದೆ. ಹತ್ತಿ ಕಡ್ಡಿಯಿಂದಲೋ ಬಾಗುವ ಪ್ಲಾಸ್ಟಿಕ್ ಕಡ್ಡಿಯಿಂದಲೋ ಬಿಡಿಸಿ, ಬೆಚ್ಚಗಿನ ಅಡುಗೆ ಸೋಡಾ ನೀರನ್ನು ನಿಧಾನವಾಗಿ ಬಿಡಿ.

ಬಾಗಿಲಿನ ರಬ್ಬರ್ ಪಟ್ಟಿಯ ಮಡಿಕೆಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಪಟ್ಟಿ ಬಿಗಿಯಿದೆಯೇ ನೋಡಲು ಒಂದು ಕಾಗದದ ಪಟ್ಟಿಯನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆಯಿರಿ. ತಡೆಯಿಲ್ಲದೆ ಜಾರಿ ಬಂದರೆ ಅಲ್ಲಿ ಚಳಿ ಸೋರುತ್ತಿದೆ. ನಾಲ್ಕೂ ಬದಿ ಹೀಗೆ ನೋಡಿ. ಕೆಳ ಮೂಲೆಯಲ್ಲಿ ಸಡಿಲವಿದ್ದರೆ ಮೊದಲು ಕೊಳೆ ತೆಗೆದು ನೋಡಿ, ಆಮೇಲೆ ಪಟ್ಟಿ ಬದಲಿಸುವ ಯೋಚನೆ.

ಫ್ರಾಸ್ಟ್‌ಫ್ರೀ ಅಲ್ಲದ ಫ್ರೀಜರ್‌ನಲ್ಲಿ ಐಸು ಅರ್ಧ ಸೆಂಟಿಮೀಟರ್ ದಪ್ಪವಾದಾಗ ಕರಗಿಸಬೇಕು. ಪ್ಲಗ್ ಕಿತ್ತು, ಒಳಗೆ ಬಿಸಿನೀರಿನ ಬಟ್ಟಲಿಟ್ಟು, ಬಾಗಿಲು ತೆರೆದು ಕಾಯಿರಿ. ಚಾಕು, ಸ್ಕ್ರೂಡ್ರೈವರ್ ಹಿಡಿದು ಕೆತ್ತಬೇಡಿ: ಐಸಿನ ಹಿಂದೆಯೇ ತೆಳು ಕೊಳವೆಯಿದೆ, ಈಗಿನ ಬಹಳಷ್ಟು ಮನೆ ಫ್ರಿಜ್‌ಗಳಲ್ಲಿ ಅದರೊಳಗೆ ಹರಿಯುವುದು ಆರ್-600ಎ ಎಂಬ ಐಸೋಬ್ಯುಟೇನ್, ಹೊತ್ತಿಕೊಳ್ಳುವ ಅನಿಲ. ತಪ್ಪಿ ತೂತಾಗಿ ಬುಸ್ ಎಂಬ ಸದ್ದು ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ, ಬೆಂಕಿ ಹತ್ತಿರ ಬರದಂತೆ ನೋಡಿಕೊಂಡು ಕಿಟಕಿ ತೆರೆಯಿರಿ, ರಿಪೇರಿಯವರನ್ನು ಕರೆಸಿ.